ತಳದ ಅನ್ನ ಯಾರ ಪಾಲು?

"ಕೈ ತೆಗೀರಿ! ಅಕ್ಕಿ ಬಿದ್ದ ಮೇಲೆ ಯಾರಾದ್ರೂ ಸೌಟು ಹಾಕ್ತಾರಾ?"

ರೆಮೆಯ್ ಕೂಗಿದ ರಭಸಕ್ಕೆ ಬದುವಿನ ಮೇಲಿದ್ದ ಕೊಕ್ಕರೆಗಳು ಹಾರಿಹೋದವು. ಅಗಲ ಬಾಣಲೆಯಲ್ಲಿ ಕುದಿಯುತ್ತಿದ್ದ ಮಾಂಸದನ್ನ ಪಯೇಯಾದ ಮೇಲೆ ಬಾಗಿದ್ದ ಯುವಕ ಬೆಚ್ಚಿ ಹಿಂದೆ ಸರಿದ.

"ಕಲಕೋಕಲ್ಲ... ಮಿಡತೆ ಬೀಳ್ತಿತ್ತು, ಓಡಿಸ್ದೆ!"

"ಯಾರು ನೀವು?"

"ಬತಿಸ್ತ್. ಕೊಯ್ಲಿಗೆ ಬಂದಿದೀನಿ. ನಮ್ಮದು ಕಡಲ ದಂಡೆ. ನಾವೂ ಪಯೇಯಾ ಮಾಡ್ತೀವಿ... ಸೀಗಡಿ ಹಾಕಿ."

"ಸೀಗಡಿನಾ? ಅದು ಪಯೇಯಾ ಅಲ್ಲ, ಮೀನಿನ ಅನ್ನ!"

ಅವನು ನಕ್ಕುಬಿಟ್ಟ. ಅಬ್ಬಾ, ಬಿಸಿಲಿಗೆ ಕಂದಿದ ಆ ಮುಖದಲ್ಲಿ ಎಂಥ ನಗು! ರೆಮೆಯ್ ಸರಕ್ಕನೆ ಒಲೆಯತ್ತ ತಿರುಗಿದಳು. ಕೆನ್ನೆ ಬಿಸಿಯಾಗಿದ್ದು ಬೆಂಕಿಯಿಂದಲೇ ಇರಬೇಕು...

ಅಲ್ಬುಫೇರ ಸರೋವರದ ಅಂಚಿನ ಆ ಗದ್ದೆಗಳಲ್ಲಿ ಕೊಯ್ಲಿನವರಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದದ್ದು ಗಂಡಸರೇ. ನಲವತ್ತು ವರ್ಷ ಅವಳ ಅಜ್ಜ ಕೇಲೋ ಮಾಡಿದ್ದ. ಈ ಸಲ ಅವನ ಕಣ್ಣು ಮಂಜಾಗಿ, ಒಲೆ ಮೊಮ್ಮಗಳ ಕೈಗೆ ಬಂದಿತ್ತು. "ಹುಡುಗಿ ಕೈಲಿ ಆಗತ್ತಾ?" ಎಂದು ಕೊಯ್ಲಿನವರು ಗೊಣಗಿದ್ದು ಅವಳ ಕಿವಿಗೂ ಬಿದ್ದಿತ್ತು.

ಆಗದೇ ಏನು! ಕೋಳಿ, ಮೊಲದ ತುಂಡುಗಳನ್ನು ಹೊಂಬಣ್ಣಕ್ಕೆ ಹುರಿದು, ಬೀನ್ಸು, ದಪ್ಪ ಬಿಳಿ ಅವರೆಕಾಳು, ಬಸವನಹುಳು, ಕೇಸರಿ ಹಾಕಿ, ಅವಳು ಬೆರಳುಗಳ ಸಂದಿಯಿಂದ ಅಕ್ಕಿ ಸುರಿಯುವುದನ್ನು ಮರುದಿನದಿಂದ ಬತಿಸ್ತ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕಿತ್ತಳೆ ಮರದ ಸೌದೆಯ ಉರಿ ಅವಳು ಹೇಳಿದ ಮಾತು ಕೇಳುತ್ತಿತ್ತು.

"ಅಜ್ಜಾ, ನೀವೇ ಹೇಳಿ. ಸೀಗಡಿ ಹಾಕಿದ್ರೆ ಪಯೇಯಾ ಆಗತ್ತಾ?" ಒಂದು ದಿನ ರೆಮೆಯ್ ಕೇಳಿದಳು.

ಒಲೆಯ ಪಕ್ಕ ಕೂತಿದ್ದ ಕೇಲೋ ನಕ್ಕ. "ಪಯೇಯಾ ಅಂದ್ರೆ ಈ ಬಾಣಲೆ ಹೆಸರು ಕಣಮ್ಮ. ಅಕ್ಕೀನ ಈ ನಾಡಿಗೆ ತಂದವರು ಅರಬ್ಬರು. ಗದ್ದೆಯವರ ಹತ್ರ ಇದ್ದಿದ್ದು ಸಣ್ಣ ಕಡ್ಡಿ ಸೌದೆ, ಹಾಗಾಗಿ ಬೇಗ ಬೇಯೋ ಅಗಲದ ಬಾಣಲೆ. ನನ್ನಜ್ಜ ಹಾವುಮೀನು ಹಾಕ್ತಿದ್ದ. ಅದೂ ಇಲ್ದಿದ್ರೆ ಗದ್ದೆ ಇಲಿ!"

"ಥೂ!"

"ಹಸಿದೋನು ಥೂ ಅಂತಾನಾ? ಕಡಲಿನವನಿಗೆ ಸೀಗಡಿ ಸಿಕ್ತು, ಹಾಕ್ದ."

ಬತಿಸ್ತ್ ಹುಬ್ಬು ಹಾರಿಸಿದ. ರೆಮೆಯ್ ಮೂತಿ ತಿರುವಿದಳು.

ಎಲ್ಲರೂ ಬಾಣಲೆಯ ಸುತ್ತ ಕುಳಿತು, ಮರದ ಚಮಚದಿಂದ ತಮ್ಮ ಮುಂದಿನ ಪಾಲನ್ನಷ್ಟೇ ತಿನ್ನುವುದು ಪದ್ಧತಿ. ರೆಮೆಯ್ ಕೊನೆಗೆ, ಬತಿಸ್ತ್‌ನ ಎದುರು ಕೂರುತ್ತಿದ್ದಳು. ದಿನವೂ ಅವನು ತನ್ನ ಪಾಲಿನ ತಳ ಹತ್ತಿದ ಅನ್ನವನ್ನು ಕೆರೆದು, ತಿನ್ನದೆ, ಮೆಲ್ಲಗೆ ಅವಳ ಕಡೆ ತಳ್ಳುತ್ತಿದ್ದ.

'ಸೀದಿದೆ ಅಂತ ತೋರಿಸ್ತಿದಾನೆ! ಇವನೂ ಆ ಗೊಣಗೋರ ಹಾಗೇನೇ...'

ಹತ್ತನೇ ದಿನ ಅವಳಿಗೆ ತಡೆಯಲಾಗಲಿಲ್ಲ. "ಸೀದಿದ್ರೆ ಬಾಯಿಬಿಟ್ಟು ಹೇಳಿ! ನಾಯಿಗೆ ತಳ್ಳೋ ಹಾಗೆ ತಳ್ಬೇಡಿ. ನಿಮ್ಮ ಕಡಲಿಗೇ ಹೋಗಿ ತಿನ್ನಿ!"

ಆರು ಜನ ಗಂಡಸರು ಗೊಳ್ಳೆಂದು ನಕ್ಕರು. ಬತಿಸ್ತ್ ಕಿವಿಯವರೆಗೂ ಕೆಂಪಾದ. ಚಮಚ ಕೆಳಗಿಟ್ಟು ಎದ್ದುಹೋದ. ಮರುದಿನ ಕೊಯ್ಲು ಮುಗಿಯಿತು. ಬತಿಸ್ತ್ ಹೇಳದೆ ಹೊರಟುಹೋದ.

ಒಲೆ ತಣ್ಣಗಾಯಿತು. ರೆಮೆಯ್ ಅದರ ಮುಂದೆ ಕೂತು ಮೂಗು ಸೊರಸೊರ ಎಳೆಯುತ್ತಿದ್ದಳು.

"ಅಳ್ತಿದೀಯಾ?" ಅಜ್ಜ ಕೇಳಿದ.

"ಹೊಗೆ..."

"ಒಲೇನೇ ಉರೀತಿಲ್ಲ, ಹೊಗೆ ಎಲ್ಲಿಂದ ಬಂತು? ನನಗೆ ಕಣ್ಣು ಕಾಣಲ್ಲ, ಕಿವಿ ಚೆನ್ನಾಗೇ ಕೇಳತ್ತೆ. ಅವನು ಕೆರೀತಿದ್ದ ಸದ್ದು ಗರಗರ ಅಂತಿತ್ತು. ಸೀದ ಅನ್ನ ಹಾಗೆ ಸದ್ದು ಮಾಡಲ್ಲ. ಗರಿಗರಿಯಾದ ಆ ತಳದ ಅನ್ನವೇ ಪಯೇಯಾದ ರುಚಿ, ಅದಕ್ಕೆ ಅಣ್ಣತಮ್ಮಂದಿರೇ ಕಚ್ಚಾಡ್ತಾರೆ, ಹುಚ್ಚಿ! ನಿಮ್ಮಜ್ಜಿಗೆ ಅದನ್ನ ಬಿಟ್ಟುಕೊಡೋಕೆ ನನಗೇ ಮೂರು ವರ್ಷ ಹಿಡೀತು. ಅವನು ಮೊದಲ ದಿನದಿಂದಲೇ ಕೊಟ್ಟ."

ಅಯ್ಯೋ ದೇವರೇ!... ಎಂಥ ಮಾತಾಡಿಬಿಟ್ಟೆ!

ಭಾನುವಾರ ಬೆಳಗಿನ ಬಸ್ಸಿಗೇ ಹೊರಟು ಅವಳು ಕಡಲ ದಂಡೆ ತಲುಪಿದಳು. ಕೇಳುತ್ತ ಕೇಳುತ್ತ ಹೋದರೆ, ನೀಲಿ ಹೆಂಚಿನ ಮನೆಯ ಮುಂದೆ ಬತಿಸ್ತ್ ಬಾಣಲೆ ಇಟ್ಟುಕೊಂಡು ಕೂತಿದ್ದ. ಬೊಂಡಾಸ್ ಎಂಬ ಕಡಲಜೀವಿ ಕಾರುವ ಮಸಿಯಲ್ಲಿ ಬೆಂದ ಅನ್ನ, ಕಡುಗಪ್ಪು! ಅವಳನ್ನು ಕಂಡು ಎದ್ದು ನಿಂತ.

"ಬೈಯೋಕೆ ಬಂದ್ರಾ?"

ಅವಳು ಒಂದು ಚಮಚ ತಿಂದಳು. ಕಡಲೇ ಬಾಯಿಗೆ ಬಂದ ಹಾಗಿತ್ತು!

"ಇಷ್ಟು ಚೆನ್ನಾಗಿರೋದನ್ನ ಮೀನಿನ ಅನ್ನ ಅಂತ ಹೀಗಳೆದೆನಲ್ಲ... ತಪ್ಪಾಯ್ತು. ಅದಕ್ಕೂ, ತಳದ ಅನ್ನಕ್ಕೆ ಬೈದಿದ್ದಕ್ಕೂ." ಕಣ್ಣು ತುಂಬಿ ಬಂತು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ಆರು ಜನರ ಮುಂದೆ ಏನಂತ ಹೇಳ್ಲಿ? ನಿನ್ನ ಪ್ರೀತಿಸ್ತೀನಿ ಅಂತಾನಾ?"

ರೆಮೆಯ್ ಅತ್ತಿತ್ತ ನೋಡಿದಳು.

"ಈಗ ಯಾರೂ ಇಲ್ವಲ್ಲ..." ಅವಳು ತಲೆ ತಗ್ಗಿಸಿದಳು.

"ಪ್ರೀತಿಸ್ತೀನಿ, ರೆಮೆಯ್."

"ನಾನೂ... ಆದ್ರೆ ಅಜ್ಜನ್ನ ಬಿಟ್ಟು ನಾನು ಬರಲ್ಲ!"

"ಬಾ ಅಂದ್ನಾ? ನಾನೇ ಬರ್ತೀನಿ. ಕಡಲಲ್ಲಿ ದೋಣಿ ಬಿಟ್ಟೋನಿಗೆ ನಿಮ್ಮ ಸರೋವರ ಯಾವ ಲೆಕ್ಕ?"

"ಮದುವೆ ಯಾವಾಗ ಅಂತ ಅಜ್ಜ ಕೇಳ್ತಾರೆ, ನೋಡ್ತಿರು."

"ನೀನೇನಂತೀಯಾ?"

ಅವಳು ನಗುತ್ತಾ ಕಣ್ಣೊರೆಸಿಕೊಂಡಳು. "ಹುಡುಗನ ತುಟಿಯೆಲ್ಲ ಮಸಿ, ತೊಳಕೊಂಡು ಬರ್ಲಿ ಇರಿ ಅಂತೀನಿ!"

"ನಿನ್ನದೂ ಕಪ್ಪಾಗಿದೆ," ಎಂದ ಅವನು, ಮೆಲ್ಲಗೆ ಹತ್ತಿರ ಬಂದು.