ಅಮ್ಮನ ಸ್ವೆಟರ್ ಬಿಚ್ಚಿದ ಮಧ್ಯಾಹ್ನ

ಅಮ್ಮ ತೀರಿಕೊಂಡಾಗ ತಂಗಿಗೆ ಎಂಟು ತಿಂಗಳು. ಅಮ್ಮನದೆಂದು ಅವಳಿಗೆ ಒಂದು ನೆನಪೂ ಇಲ್ಲ. ಅದಕ್ಕೇ ಅಮ್ಮ ಎರಡೆಳೆ ಸೇರಿಸಿ ಹೆಣೆದುಕೊಂಡಿದ್ದ ದಪ್ಪ ಸ್ವೆಟರನ್ನು ಬಿಚ್ಚಿ, ಒಂದೇ ಎಳೆಯಲ್ಲಿ ಅವಳಿಗೊಂದು ಜಡೆ ಹೆಣಿಗೆಯ ತೆಳು ಸ್ವೆಟರ್ ಹಾಕಲು ಹೊರಟೆ.

ದಾರದ ಸುಕ್ಕು ಹೋಗಲೆಂದು ದೊಡ್ಡ ಸುರುಳಿಯಾಗಿ ಸುತ್ತಿ ತೊಳೆದು, ಆ ಲಡಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದೆ. ಒಣಗುವವರೆಗೆ ಕಾಯುವ ತಾಳ್ಮೆಯಿಲ್ಲದೆ, ಹಸಿಯಿದ್ದಾಗಲೇ ಎದುರು ಕೂತು ಉಂಡೆ ಸುತ್ತತೊಡಗಿದೆ. ಚಿಕ್ಕವಳಿದ್ದಾಗ ಎರಡೂ ಮಣಿಕಟ್ಟಿಗೆ ಲಡಿ ಹಾಕಿಕೊಂಡು ಹಿಡಿಯುವ ಕೆಲಸ ನನ್ನದು. "ಕೈ ಆಡಿಸೇ, ಮರದ ಬೊಂಬೆ ಹಾಗೆ ಕೂತಿದೀಯಲ್ಲ," ಎಂದು ಅಮ್ಮ ಬೈಯುತ್ತಿದ್ದಳು. ಕುರ್ಚಿ ಕೈ ಆಡಿಸುತ್ತದೆಯೇ? ಸುತ್ತಿಗೊಮ್ಮೆ ದಾರ ಸಿಕ್ಕಿಕೊಳ್ಳುತ್ತಿತ್ತು, ಎದ್ದು ಬಿಡಿಸುತ್ತಿದ್ದೆ.

ಎಷ್ಟು ಹೊತ್ತಿಗೋ ಸಿಕ್ಕಿಕೊಳ್ಳುವುದು ನಿಂತಿತು. ದಾರ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ನನ್ನ ಕೈಯ ಲಯಕ್ಕೆ ಸರಿಯಾಗಿ ಸಡಿಲವಾಗಿ ಬರುತ್ತಿತ್ತು. ನಾನು ಉಂಡೆಯಿಂದ ಕಣ್ಣೆತ್ತಲಿಲ್ಲ. ಎತ್ತಿದರೆ ನಿಂತುಹೋಗುತ್ತದೆ ಅನ್ನಿಸಿತು.

"ಒಬ್ಬಳೇ ಇಷ್ಟು ಬೇಗ ಸುತ್ತಿಬಿಟ್ಯಾ, ಅಕ್ಕ?" ಎನ್ನುತ್ತ ತಂಗಿ ಬಂದು, ಉಳಿದ ಲಡಿಯನ್ನು ಕುರ್ಚಿಯಿಂದ ತೆಗೆದು ತನ್ನ ಕೈಗಳಿಗೆ ಹಾಕಿಕೊಂಡಳು. "ಇಲ್ಲಿ ಮಾತ್ರ ಒಣಗಿದೆ ನೋಡು. ಈ ಕಡೆನೂ. ಬೆಚ್ಚಗಿದೆ."

ಮುಟ್ಟಿ ನೋಡಿದೆ. ಲಡಿಯ ಎರಡು ತುದಿಗಳಲ್ಲಿ ಮಣಿಕಟ್ಟಿನಗಲ ಒಣಗಿತ್ತು, ಮಿಕ್ಕದ್ದೆಲ್ಲ ಹಸಿ. ಅದನ್ನು ಹಾಕಿದ್ದ ಕುರ್ಚಿಯ ಮರವೂ ಒದ್ದೆಯಾಗಿ ತಣ್ಣಗಿತ್ತು.

ಮತ್ತೆ ಸುತ್ತಲು ಎಳೆ ಹಿಡಿದರೆ, "ಸ್ವಲ್ಪ ಇರು ಅಕ್ಕ, ಬಿಸಿ ಇನ್ನೂ ಹೋಗಿಲ್ಲ," ಎಂದಳು. ಕತ್ತಲಾಗುವವರೆಗೂ ಹಾಗೇ ಕೈ ಚಾಚಿ ಕೂತಿದ್ದಳು.