ಕ್ಯಾಸೆಟ್ಟಿನೊಳಗಿನ ಕನಕಮ್ಮ

"ಸೆರಗಿನ ಗಂಟು ಬಿಚ್ಚು! ಕ್ಯಾಸೆಟ್ ಕಟಗೊಂಡು ಎಲ್ಲಿಗೆ ಹೊಂಟಿ?"

ದೇವದುರ್ಗದ ಆ ಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ಅತ್ತೆ ಮೂಕಮ್ಮ ನಿಂತಿದ್ದಳು. ಎದುರಿಗೆ ಸೊಸೆ ವೆಂಕಮ್ಮ, ಮಗ ಸುಂಕಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ಕನಕಮ್ಮ; ಹೆಣ್ಣುಕೂಸನ್ನು ಹೆತ್ತು, ಬಾಣಂತನದಲ್ಲೇ ಕಣ್ಣು ಮುಚ್ಚಿದವಳು. ಅವಳು ಬೀಸುತ್ತ ಹಾಡಿದ್ದನ್ನು ಸುಂಕಪ್ಪ ಒಮ್ಮೆ ಗೆಳೆಯನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ. ಇದ್ದದ್ದು ಅದೊಂದೇ ಕ್ಯಾಸೆಟ್. ಅವಳು ತೀರಿಕೊಂಡ ಮೇಲೆ ಮೂಕಮ್ಮ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದವಳು, ಯಾರಿಗೂ ಕೇಳಗೊಟ್ಟಿರಲಿಲ್ಲ.

"ಸವತಿ ಬಿಲ್ಲಿ ಕೊರಳಾಗ ಕಟಗೊಂಡು ದಿನಾ ಕುಂಕುಮ ಹಚ್ಚತಿ... ಈಗ ಅಕಿ ದನಿ ಹೊಳಿಗೆ ಒಗಿಬೇಕಂತ ಮಾಡೀಯೇನ ಬೇ?"

ವೆಂಕಮ್ಮನ ಕೈ ಕೊರಳಿನ ಬೆಳ್ಳಿ ಬಿಲ್ಲೆಗೆ ಹೋಯಿತು. ಸತ್ತ ಸವತಿ ಕಾಡದಿರಲೆಂದು ಮದುವೆಯ ದಿನವೇ ಕಟ್ಟಿದ್ದು ಅದು.

"ಯತ್ತೀ, ನಿಮ್ಮ ಬೀಗದಕೈ ತಗೊಂಡು ಟ್ರಂಕ್ ತೆಗದು ನೋಡಿದೆ, ಟೇಪಿಗೆ ಬೂಸರ ಬಂದದ್ರಿ. ನಾಳಿ ಹುಡುಗಿ ಅವ್ವನ ದನಿ ಹೆಂಗಿತ್ತಂತ ಕೇಳಿದರ ಏನು ತೋರಸ್ತೀರಿ, ಟ್ರಂಕಾ? ಮಾನ್ವಿ ಸಂತ್ಯಾಗ ಕ್ಯಾಸೆಟ್ ಮಾರಾಂವನ್ನ ಕೇಳಿದೆ. ರಾಯಚೂರಾಗ ಹಳೇ ಹಾಡು ಕಾಯೋ ಭಂಡಾರ ಅದಂತ."

"ಹಾಡು ಕಾಯಾಕ ಅದೇನು ಹೊಲಾ? ತಾ ಇಲ್ಲಿ! ನಾನೂ ಬರ್ತೀನಿ."

ಎಂಬತ್ನಾಲ್ಕರ ಬೇಸಿಗೆ. ಬಸ್ಸಿನಲ್ಲಿ ಮೂಕಮ್ಮ ಎಲೆಅಡಿಕೆ ಚೀಲದೊಳಗೆ ಕ್ಯಾಸೆಟ್ ಹಾಕಿ, ಚೀಲವನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ವೆಂಕಮ್ಮ ಓರೆಗಣ್ಣಿನಿಂದ ನೋಡಿದಳು. ಈ ಮುದುಕಿ ಆ ದನಿಯನ್ನು ಕಾಯುತ್ತಿದ್ದಾಳೋ, ಹೂಳುತ್ತಿದ್ದಾಳೋ?

ಭಂಡಾರದ ವಿರೂಪಣ್ಣ ಟೇಪನ್ನು ಮೆತ್ತಗೆ ಒರೆಸಿದ. "ನಕಲು ಮಾಡಿ ಕೊಡ್ತೀನ್ರಿ. ಮೂಲ ಮಾತ್ರ ಇಲ್ಲೇ ಇರಬೇಕು."

"ಮೂಲ ಇಟಗೊಂಡು ಯಾರಿಗೆ ಮಾರ್ತೀರಿ?" ಎಂದಳು ಮೂಕಮ್ಮ.

ಅವನು ನಕ್ಕು ಗುಂಡಿ ಒತ್ತಿದ. ಬೀಸುಕಲ್ಲಿನ ಗುರುಗುರು... ಅದರ ಮೇಲೆ ತೇಲಿಬಂದ ತೆಳ್ಳನೆಯ ದನಿ! ವೆಂಕಮ್ಮ ಮುಂದಕ್ಕೆ ಬಾಗಿದಳು. ಸವತಿಗೆ ಇಷ್ಟು ಎಳೆಯ ಕೊರಳಿತ್ತೇ...

ಅಷ್ಟರಲ್ಲಿ ಟೇಪಿನೊಳಗಿಂದ ಇನ್ನೊಂದು ದನಿ ಅಬ್ಬರಿಸಿತು. "ಸಾಕ ಬೇ! ತುಂಬಿದ ಬಸುರಿ ಅಂತ ಗಂಡನ ಮುಂದ ಮೆರಿಯಾಕತ್ತೀಯೇನು? ಬೀಸು!"

ಅದು ಮೂಕಮ್ಮನ ದನಿ. ಆ ಗದರಿಕೆ ಮುಗಿಯುವ ಮೊದಲೇ ಅದರ ಮೇಲೆ ಕನಕಮ್ಮ ಕಿಲಕಿಲನೆ ನಕ್ಕಿದ್ದಳು. "ಬೀಸಾಕತ್ತೀನ್ರಿ ಯತ್ತೀ..."

ಮೂಕಮ್ಮ ಟೇಪ್ ರೆಕಾರ್ಡರಿಗೆ ಕೈ ಅಡ್ಡ ಹಿಡಿದಳು.

"ಯಪ್ಪಾ... ನನ್ನ ಮಾತು ಅಷ್ಟು ಕತ್ತರಿಸ್ರಿ. ಮೊಮ್ಮಗಳು ಕೇಳಬಾರದು."

"ಕತ್ತರಿಸಬಹುದವ್ವಾ. ಆದರ ನಿಮ್ಮ ಮಾತಿನ ಮ್ಯಾಲೇ ಅಕಿ ನಕ್ಕಾಳ. ಎರಡೂ ಕೂಡೇ ಹೋಗ್ತಾವ."

ಅತ್ತೆ ಇಷ್ಟು ವರ್ಷ ಬೀಗ ಹಾಕಿದ್ದು ಯಾವುದಕ್ಕೆ ಎಂಬುದು ವೆಂಕಮ್ಮನಿಗೆ ಆಗ ತಿಳಿಯಿತು. ಬೈಯಬೇಕೆಂದು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡಳು. "ಕತ್ತರಿಸಿಬಿಡ್ರಿ ಯಣ್ಣಾ. ಹಾಡು ಉಳಿದರ ಸಾಕು."

ಮೂಕಮ್ಮ ತಟ್ಟನೆ ಸೊಸೆಯ ಕಡೆ ತಿರುಗಿದಳು. ಇದರಲ್ಲೂ ಏನಾದರೂ ಹೂಟವಿದೆಯೇ ಎಂದು ಆ ಮುಖವನ್ನು ಬಹಳ ಹೊತ್ತು ಹುಡುಕಿದಳು. ಏನೂ ಸಿಗಲಿಲ್ಲ.

"ಬ್ಯಾಡ," ಎಂದಳು ಕೊನೆಗೆ. "ಆ ನಗು ಹುಡುಗಿಗೆ ಬೇಕು. ಇದ್ದಂಗಽ ಇರಲಿ."

ವಿರೂಪಣ್ಣ ಪೆನ್ನು ತೆಗೆದ. "ಹಾಡಿದವರ ಹೆಸರು?"

"ಹಾಡಿದಾಕಿ ಕನಕಮ್ಮ." ಸೆರಗಿನಿಂದ ಕಣ್ಣು ಒತ್ತಿಕೊಂಡಳು ಮುದುಕಿ. "ಬೈದಾಕಿ... ಅತ್ತಿ ಮೂಕಮ್ಮ. ಅದನ್ನೂ ಬರಕೋರಿ."