ಐವತ್ತು ಕಿಲೋಮೀಟರ್ ಆದ ಮೇಲೆ

ಪಕ್ಕದ ಮನೆಯ ಕನ್ನಡಕದವರು ಒಂದು ನಟ್ಟನ್ನೂ ಸಡಿಲಿಸದೆ ಮುಂದಿನ ಚಕ್ರದ ಗಾಳಿ ಹೋದ ಕಾರಿಗೆ ಜಾಕ್ ಕೊಡುತ್ತಿರುವುದನ್ನು ಗೋಡೆಯ ಈಚೆಯಿಂದ ನೋಡಿದೆ. ಬಾಯಿ ಬಿಡಲು ಆಗಲಿಲ್ಲ. ಎರಡು ಇಟ್ಟಿಗೆ ಎತ್ತಿಕೊಂಡು ಹೋಗಿ ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟೆ.

ಅವರು ತಲೆ ಎತ್ತಿದರು. ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ. ತಾಯಿಯ ಜೊತೆ ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟು ದಿನಕ್ಕೆ ನಾನು ಅವರೊಡನೆ ಆಡಿದ ಮಾತೆಂದರೆ ನಾಲ್ಕೈದು ‘ಹೂಂ’.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಗೇ ಅಂಟಿಕೊಂಡಿರುವ ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ನಿಂತವಳು ನಾನು. ಚಕ್ರದ ವಿಷಯಕ್ಕೆ ಮಾತ್ರ ನಾಲಿಗೆ ಸ್ವಲ್ಪ ಹೊರಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೀರಾ, ಗೇರಿನಲ್ಲಿದೆಯಾ ಎಂದು ಕೇಳಿದೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಎಂದೆ. ಬಾಗಿಲ ಕೆಳಗೆ ಜಾಕ್ ಕೂರುವ ಗಟ್ಟಿ ಜಾಗ ತೋರಿಸಿದೆ. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ಮಲಗಿಸಿದೆ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ಮನುಷ್ಯರ ಮೇಲಲ್ಲ.

“ನಿಮಗೆ ಮಾತು ಬರುತ್ತೆ,” ಎಂದರು.

“ಕೈ ಅಡಿಗೆ ಹಾಕಬೇಡಿ,” ಎಂದೆ.

ನಕ್ಕರು. ಬೆವರಿಗೆ ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿದರು. ಹಣೆಗೊಂದು ಕಪ್ಪು ಗೆರೆ ಬಿತ್ತು. ನೋಡಿಯೂ ಹೇಳಲಿಲ್ಲ.

ಸ್ಟೆಪ್ನಿ ಏರಿಸಿ, ನಟ್ಟುಗಳನ್ನು ಕೈಯಲ್ಲೇ ಕೂರಿಸಿ, ಕಾರು ಇಳಿಸಿದೆವು. ಕೊನೆಯ ಬಿಗಿ ತಾನೇ ಹಾಕಿ ಕಲಿಯುತ್ತೇನೆಂದು ಅವರು ಸ್ಪ್ಯಾನರ್ ಹಿಡಿದರು. ಸಾಲಾಗಿ ಬೇಡ, ಒಂದು ಬಿಟ್ಟು ಒಂದು ಎಂದೆ. ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು ಎಂದೂ ಹೇಳಿದೆ.

ಯಾರು ಬಿಗಿ ಮಾಡಿದರೂ ಕೊನೆಗೆ ನಾನೊಮ್ಮೆ ಒತ್ತಿ ನೋಡುವುದು ರೂಢಿ. ಸ್ಪ್ಯಾನರಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವರ ಅಮ್ಮ ಇಸ್ತ್ರಿ ಬಟ್ಟೆ ಉಟ್ಟು ಬಾಗಿಲಿಗೆ ಬಂದರು. ಬೆಟ್ಟದಾಚೆಯ ಮಗಳ ಮನೆಗೆ ಹೊರಟಿದ್ದರು. ಅವರ ಕಣ್ಣು ನನ್ನ ಮಸಿ ಕೈಗಳ ಮೇಲೆ ನಿಂತಿತು. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಆಯಿತಾ ಎಂದು ಮಗ ಕೇಳಿದರು. ಹೂಂ ಎಂದೆ.

ಕಾರು ತಿರುವಿನಲ್ಲಿ ಮರೆಯಾಯಿತು. ಇಟ್ಟಿಗೆಗಳನ್ನು ವಾಪಸ್ ಜೋಡಿಸುವಾಗ ಹೊಳೆಯಿತು. ಸರಿಯಾಗಿ ಬಿಗಿಯಾದ ನಟ್ಟು ಕೊನೆಗೆ ಕಿರ್ ಎನ್ನುತ್ತದೆ. ಒಂದೂ ಕಿರ್ ಎಂದಿರಲಿಲ್ಲ. ಅವರು ಸ್ಪ್ಯಾನರನ್ನು ಪೆನ್ಸಿಲಿನಂತೆ ಹಿಡಿದದ್ದು ಕಣ್ಣಿಗೆ ಕಟ್ಟಿತು. ಸಾಸಿವೆಯಷ್ಟು ಸ್ಕ್ರೂ ತಿರುಗಿಸುವ ಕೈ ಅದು. ಚೂರು ಹೆಚ್ಚಾದರೆ ಗಾಜು ಬಿರುಕು ಬಿಡುತ್ತದೆ. ಬಲ ಹಾಕದಿರುವುದೇ ಅದರ ಕಸುಬು. ನಾನದನ್ನು ನೋಡಿದ್ದೆ. ಎಷ್ಟು ಚೆಂದ ಎಂದುಕೊಂಡು ನೋಡುತ್ತಲೇ ಇದ್ದೆ.

ಅಪ್ಪನ ಕನ್ನಡಕದ ಡಬ್ಬಿಯ ಮೇಲೆ ಅವರ ನಂಬರಿತ್ತು. ಒತ್ತುವಾಗ ಎರಡು ಸಲ ತಪ್ಪಿತು. ಮೂರನೆಯ ಸಲ ರಿಂಗ್ ಆಗಿ ಆಗಿ ನಿಂತಿತು. ಈಗ ಬೆಟ್ಟದ ತಿರುವುಗಳು ಶುರುವಾಗಿರುತ್ತವೆ. ಮತ್ತೆ ಮಾಡಿದೆ. ಎತ್ತಿದವರು ಅವರ ಅಮ್ಮ.

“ಅಮ್ಮಾ, ಗಾಡಿ ನಿಲ್ಲಿಸೋಕೆ ಹೇಳಿ. ನಿಧಾನಕ್ಕೆ, ಬ್ರೇಕ್ ಜೋರಾಗಿ ಒತ್ತದೆ.”

“ಯಾರಮ್ಮ ನೀನು?”

“ಪಕ್ಕದ ಮನೆಯವಳು. ತಪ್ಪು ನಂದು.”

ಆಚೆ ಕಡೆ ಗಾಡಿ ನಿಧಾನವಾಗಿ ನಿಂತ ಸದ್ದು. ಆಮೇಲೆ ಬಾಗಿಲ ಸದ್ದು. ಆಮೇಲೆ ಮಗನ ದನಿ. ಸ್ಟೀರಿಂಗ್ ಆಗಲೇ ನಡುಗುತ್ತಿತ್ತಂತೆ, ರಸ್ತೆಯೇ ಹಾಗೆ ಎಂದುಕೊಂಡಿದ್ದರಂತೆ. ಎರಡು ನಟ್ಟು ಬೆರಳಲ್ಲೇ ತಿರುಗುತ್ತಿವೆ ಎಂದರು.

ನಟ್ಟಿನ ತಿರುಪಿನ ಎಳೆ ಸವೆದಿಲ್ಲ ತಾನೆ ಎಂದು ಕೇಳಿದೆ. ಇಲ್ಲ ಎಂದರು.

“ಸ್ಪ್ಯಾನರಿನ ತುದಿ ಹಿಡಿಯಿರಿ. ಅದು ಕನ್ನಡಕ ಅಲ್ಲ. ಮೈಭಾರ ಎಲ್ಲ ಹಾಕಿ.”

ಕಿರ್. ಫೋನಿನಲ್ಲೂ ಕೇಳಿಸಿತು. ಐದು ನಟ್ಟಿಗೆ ಐದು ಕಿರ್ ಎಣಿಸಿದೆ.

ದೂರದಿಂದ ಅಮ್ಮನ ಮಾತು ಬಂತು. “ಆ ಹುಡುಗಿ ನನ್ನ ಹತ್ರ ಬಾಯೇ ಬಿಡಲ್ಲ ಅಂತ ದಿನಾ ಕೊರಗ್ತಿದ್ದೆಯಲ್ಲೋ. ಈಗ ಬೈಸಿಕೋ.”

ಇಬ್ಬರೂ ಫೋನ್ ಇಡಲಿಲ್ಲ.

ಸಂಜೆ, ಬೆಳಕಿರುವಾಗಲೇ ಕಾರು ನಮ್ಮ ಅಂಗಡಿಯ ಮುಂದೆ ನಿಂತಿತು. ಐವತ್ತು ದಾಟಿದೆ ಎಂದರು ಅವರು. ಹಣೆಯ ಗೆರೆ ಎರಡಾಗಿತ್ತು. ಅಕ್ಕ ನಕ್ಕರೂ ಒರೆಸಿಕೊಳ್ಳಲಿಲ್ಲ ಎಂದು ಅಮ್ಮ ದೂರಿದರು. ದೂರುತ್ತಲೇ ನನ್ನ ಎರಡೂ ಮಸಿ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ತಮ್ಮ ಕೈ ನೋಡಿಕೊಂಡು, ಒರೆಸದೆ ಮನೆಯೊಳಗೆ ಹೋದರು.

ಐದನ್ನೂ ಒತ್ತಿ ನೋಡಿದೆ. ಒಂದೂ ಅಲುಗಲಿಲ್ಲ.

“ಸರಿ ಇದೆಯಾ?”

ಹೂಂ ಎಂದರೆ ಮುಗಿಯಿತು. ಆಮೇಲೆ ಅವರು ಬರಲು ಯಾವ ಕಾರಣವೂ ಇರುವುದಿಲ್ಲ. ಗಂಟಲವರೆಗೆ ಬಂದ ಆ ಹೂಂ ಅನ್ನು ನುಂಗಿದೆ.

“ಸರಿ ಇದೆ. ಇನ್ನು ನೋಡೋದು ಏನೂ ಇಲ್ಲ. ಆದ್ರೂ ನಾಳೆ ಬನ್ನಿ.”

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಹೂಂ,” ಎಂದರು.